ಕೆಚ್ಚಿದ ದನಿ

ನಮ್ಮಪ್ಪನ ಕುರಿಗಳಿಗೆ ದಾಕ್ಷಿಣ್ಯ ಗೊತ್ತಿಲ್ಲ. ನಮ್ಮ ಮನೆಯ ಮನುಷ್ಯರಿಗೆ ಅದು ಬೇಕಾದ್ದಕ್ಕಿಂತ ಹೆಚ್ಚಿದೆ, ನನಗಂತೂ ಇನ್ನೂ ಹೆಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಧೈರ್ಯ ಕುರಿಗಳಿಗೆ ಇರದಿದ್ದರೆ ಅಪ್ಪ ಎರಡನೆಯ ಸಲ ಮೂಕನಾಗಿಬಿಡುತ್ತಿದ್ದ.

ಅಪ್ಪನ ಹೆಸರು ಕಾಮಣ್ಣ. ಗಲಗಲಿಯಲ್ಲಿ ಬೀರೇಶ್ವರನ ಗುಡಿಯ ಮುಂದೆ ಡೊಳ್ಳಿನ ಪದ ಹಾಡುವವರಲ್ಲಿ ಅವನದು ಎತ್ತಿದ ಗಂಟಲು. ಹೊಳೆಯ ಈ ದಂಡೆಯಲ್ಲಿ ಅಪ್ಪ ಕುರಿ ಕರೆದರೆ ಆ ದಂಡೆಯ ಹೆಂಗಸರು ಸಂಜೆಯಾಯಿತೆಂದು ಒಲೆ ಹೊತ್ತಿಸುತ್ತಿದ್ದರಂತೆ. ಇದು ನನ್ನ ಅವ್ವ ಪದ್ಮವ್ವನ ಮಾತು. ಗಂಡನ ಸುದ್ದಿ ಬಂದರೆ ಅವಳು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಾಳೆ. ಆದರೂ ದನಿ ದೊಡ್ಡದೇ ಇತ್ತು, ಅದು ಸುಳ್ಳಲ್ಲ. ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿ ಇಲ್ಲ ಎಂದರು ಡಾಕ್ಟರು.

ನನ್ನ ಗಂಡ ಪರಮೇಶ ಅಪ್ಪನ ತಂಗಿಯ ಮಗ. ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಬೆಳೆದವನು. ಹಾಗಾಗಿ ಮದುವೆಯಾದ ಮೇಲೂ ಅಪ್ಪ ಅವನನ್ನು 'ಅಳಿಯಾರ' ಎನ್ನಲಿಲ್ಲ, ಕೊನೆಯತನಕ 'ಪರಮ್ಯಾ' ಎಂದೇ ಕೂಗಿದ. ಪರಮೇಶ ಜಮಖಂಡಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಆಪರೇಶನ್ನಿನ ತಾರೀಕು ಗೊತ್ತಾದ ದಿನವೇ ಹೊರಗಿನ ಸದ್ದು ಬಾರದಂತೆ ನಮ್ಮ ಜೋಳದ ಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿದ. ಅಪ್ಪನನ್ನು ಒಳಗೆ ಕೂರಿಸಿ ಮಾತಾಡಿಸಿ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡ. ಅಕ್ಷರ, ಪದ, ನಮ್ಮೆಲ್ಲರ ಹೆಸರು, ಕುರಿ ಕರೆಯುವ ಕೂಗು, ಕಡೆಗೆ ಬೈಗುಳ ಕೂಡ.

"ಬೈಗುಳ ಯಾಕಪಾ?" ಎಂದಳು ಅವ್ವ.

"ಬೈಲಿಲ್ಲಂದ್ರ ಅಂವ ನಮ್ಮ ಮಾವ ಹೆಂಗ ಆಕ್ಕಾನ ಅತ್ತೀ?" ಎಂದ ಪರಮೇಶ.

ಆಪರೇಶನ್ ಆಗಿ ಅಪ್ಪ ಮನೆಗೆ ಬರುವ ಹೊತ್ತಿಗೆ ಪರಮೇಶ ಒಂದು ಪ್ರೋಗ್ರಾಮ್ ಬರೆದಿಟ್ಟಿದ್ದ. ಕೀಲಿಮಣೆಯಲ್ಲಿ ಅಪ್ಪ ಒಂದೇ ಬೆರಳಿನಿಂದ ಏನು ಒತ್ತಿದರೂ ಅದು ರೆಕಾರ್ಡಿನ ತುಂಡುಗಳನ್ನು ಜೋಡಿಸಿ ಅಪ್ಪನ ದನಿಯಲ್ಲೇ ಹೇಳುತ್ತಿತ್ತು. ಹಳೆಯ ಕಂಪ್ಯೂಟರ್, ಅದರ ಡಿಸ್ಕಿನ ಒಂದು ಸ್ಕ್ರೂ ಕಳೆದುಹೋಗಿತ್ತು. ಅಪ್ಪ ಕಂಬಳಿಯ ಕರಿ ಉಣ್ಣೆಯಿಂದ ಹುರಿ ಹೊಸೆದು ಅದನ್ನು ಬಿಗಿದು ಕಟ್ಟಿದ್ದ. ಮೊದಲ ಸಲ ಕುರಿ ಕರೆದು ನೋಡಿದ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಸ್ಪೀಕರ್ ಹಟ್ಟಿಯ ಕಲ್ಲಿನ ಮೇಲೆ, ಬಾಗಿಲ ಹತ್ತಿರದ ಮೇಜಿನ ಮೇಲೆ ಕೀಲಿಮಣೆ, ಅದರ ಮುಂದೆ ಅಪ್ಪ. ತಂತಿಯೊಂದು ಸಡಿಲಿತ್ತು, ಕೈಬಿಟ್ಟರೆ ದನಿ ನಿಲ್ಲುತ್ತಿತ್ತು. ಹಾಗಾಗಿ ಪರಮೇಶ ಮೇಜಿನ ಕೆಳಗೆ ಸೇರಿ ಅದನ್ನು ಹಿಡಿದುಕೊಂಡು ಕೂತಿದ್ದ. ಅಲ್ಲಿಂದ ಅವನಿಗೆ ಹೊಳೆ ಕಾಣದು, ಕುರಿ ಕಾಣವು. ಸ್ಪೀಕರಿನಿಂದ ಅಪ್ಪನ ಕೂಗು ಹೊರಟಿತು. ದಂಡೆಯಲ್ಲಿ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು, ತಿರುಗಿದವು, ಹಿಂಡಿಗೆ ಹಿಂಡೇ ಹಟ್ಟಿಯ ಕಡೆ ನಡೆಯಿತು.

"ಮಾವಾ, ಬಂದ್ವೇನ?" ಮೇಜಿನ ಕೆಳಗಿನಿಂದ ಪರಮೇಶ ಕೂಗಿದ. ಅಪ್ಪ ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತಿದ್ದ. ಉತ್ತರ ಒತ್ತಲಿಕ್ಕೆ ಹೊತ್ತು ಹಿಡಿಯಿತು. "ಮಾವಾ, ಹೇಳೋ ಮಾರಾಯಾ, ಬಂದ್ವೇನ?" ಕಡೆಗೂ ಸ್ಪೀಕರ್ ಹೇಳಿತು: "ಬಂದ್ವು."

ಎರಡು ವರ್ಷದ ಹಿಂದೆ, ಕಬ್ಬು ನುರಿಸುವ ಕಾಲದಲ್ಲಿ, ದೀಪವಿಲ್ಲದೆ ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರಿಗೆ ಪರಮೇಶನ ಬೈಕು ಬಡಿಯಿತು, ಅವನು ಅಲ್ಲೇ ತೀರಿಕೊಂಡ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನನ್ನೆದುರು ಅವನ ಹೆಸರು ಎತ್ತಿಲ್ಲ. ಅಪ್ಪ ಕೂಡ ಆ ಹೆಸರು ಒತ್ತಿಲ್ಲ. ನನಗೆ ನೋವಾದೀತೆಂದು ಅವರ ಎಣಿಕೆ. ಎತ್ತದಿದ್ದರೆ ಇನ್ನೂ ನೋವಾಗುತ್ತದೆಂದು ನಾನೂ ಹೇಳಲಿಲ್ಲ. ದಾಕ್ಷಿಣ್ಯ ಎಂದೆನಲ್ಲ, ಅದು ಇದೇ.

ಈ ವರ್ಷ ಆ ಹಳೆಯ ಕಂಪ್ಯೂಟರ್ ಕೈಕೊಡತೊಡಗಿತು. ಅಪ್ಪ ಅರ್ಧ ಮಾತಾಡುವಾಗ ನಿಂತುಬಿಡುವುದು, ಬಿಸಿಯಾಗಿ ಕಿರುಗುಟ್ಟುವುದು. ನಾನು ಬೀಳಗಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಹಾಕುವವಳು. ಕಂಪ್ಯೂಟರ್ ಬಳಸಬಲ್ಲೆ, ಬಿಚ್ಚಿ ಕೂಡಿಸಲಾರೆ. ಹೊಸ ಲ್ಯಾಪ್‌ಟಾಪ್ ಕೊಂಡು, ಹಳೆಯದನ್ನೂ ಚೀಲದಲ್ಲಿ ಹೊತ್ತು, ಜಮಖಂಡಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿರುವ ದಶರಥನ ಬಳಿ ಹೋದೆ. ದಶರಥ ಬನಹಟ್ಟಿಯ ನೇಕಾರರ ಮನೆಯವನು, ಪರಮೇಶನ ಗೆಳೆಯ. ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಹೊಸ ಲ್ಯಾಪ್‌ಟಾಪಿಗೆ ಪ್ರೋಗ್ರಾಮ್ ಹಾಕಿದ. ಅದು ಏಳಲಿಲ್ಲ. ಯಾವುದೋ ಲೈಬ್ರರಿ ಸಿಗಲಿಲ್ಲವೆಂದು ಪರದೆಯ ಮೇಲೆ ಒಂದು ಸಾಲು ಬಂತು.

"ಹಂಗಂದ್ರ ಏನು?" ಎಂದೆ.

"ಊರಿಗೆಲ್ಲ ಒಂದ ಹಿಟ್ಟಿನ ಗಿರಣಿ ಇರತೈತಲ್ರೀ ಅಕ್ಕಾ, ಹಂಗ. ಎಲ್ಲಾ ಪ್ರೋಗ್ರಾಮಿಗೂ ಬೇಕಾಗೂ ಕೆಲಸಾ ಒಂದ ಕಡೆ ಇಟ್ಟಿರತಾರ. ಪ್ರತಿಯೊಬ್ಬರೂ ಮನ್ಯಾಗ ಗಿರಣಿ ಹಾಕ್ಸೂದಿಲ್ಲಲ್ಲ? ಪರಮೇಶಣ್ಣನ ಪ್ರೋಗ್ರಾಮು ಹಳೇ ಗಿರಣಿ ಹುಡಕಾಕತ್ತೈತಿ. ಈ ಲ್ಯಾಪ್‌ಟಾಪಿನ ಊರಾಗ ಹೊಸಾದು ಬಂದೈತಿ. ನಾ ಹಾದಿ ಹಚ್ಚತೇನಿ, ನೀವು ಚಾ ಕುಡೀರಿ."

ಚಹಾ ಮುಗಿಯುವ ಹೊತ್ತಿಗೆ ಪ್ರೋಗ್ರಾಮ್ ಎದ್ದಿತ್ತು. ಅಂಗಡಿಯ ಗದ್ದಲದಲ್ಲಿ "ನಮಸ್ಕಾರ" ಎಂದಿತು. ದಶರಥ ಕೈ ಒರೆಸಿಕೊಂಡ. "ಈ ಹಳೇ ಡಬ್ಬಿ ಹೊತಗೊಂಡು ಯಾಕ ಹೋಗತೀರಿ, ಇಲ್ಲೇ ಬಿಡ್ರಿ" ಎಂದ. ಬಿಟ್ಟು ಬಂದೆ.

ಮನೆಯಲ್ಲಿ ಅಪ್ಪ ಲ್ಯಾಪ್‌ಟಾಪನ್ನು ಬಾಗಿಲ ಹತ್ತಿರದ ಅದೇ ಮೇಜಿನ ಮೇಲಿಟ್ಟು ಮೊದಲ ಮಾತು ಒತ್ತಿದ. "ಪದ್ಮವ್ವಾ, ಚಾ ಮಾಡು." ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಚಿಕ್ಕಪ್ಪ ಮುತ್ತಣ್ಣ, ಈಗ ಅಪ್ಪನ ಜೊತೆ ಕುರಿ ನೋಡಿಕೊಳ್ಳುವವನು, "ಛಲೋ ಆತು" ಎಂದು ಕುಣಿದಾಡಿದ. ನಾನೂ ನಕ್ಕೆ. ದನಿ ಅಪ್ಪನದೇ, ಆದರೆ ಯಾಕೋ ತೆಳ್ಳಗಿತ್ತು. ಪದಗಳು ಒಂದರ ಹಿಂದೆ ಒಂದು ಸ್ವಲ್ಪ ಅವಸರದಿಂದ ಬರುತ್ತಿದ್ದವು. ನಾನು ಅಪ್ಪನ ಮುಖ ನೋಡಿದೆ, ಅವನು ನನ್ನ ಮುಖ ನೋಡುತ್ತಿದ್ದ. ಇಬ್ಬರೂ ತಲೆಯಾಡಿಸಿದೆವು.

ಆಮೇಲಿನ ದಿನಗಳಲ್ಲಿ ಅಪ್ಪನ ಮಾತು ಕಡಿಮೆಯಾಯಿತು. ಬೈಗುಳ ಪೂರ್ತಿ ನಿಂತಿತು. ಏನಾದರೂ ಬೇಕಾದರೆ ಕೈಸನ್ನೆ ಮಾಡುತ್ತಿದ್ದ, ಕೋಲಿನಿಂದ ನೆಲ ಕುಟ್ಟುತ್ತಿದ್ದ. "ವಯಸ್ಸಾತು, ಬೆರಳು ನೋಯತಾವೇನೋ" ಎಂದಳು ಅವ್ವ. ನಾನು ಹೂಂ ಎಂದೆ.

ಒಂದು ಸಂಜೆ ಮುತ್ತಣ್ಣ ಚಿಕ್ಕಪ್ಪನ ಕಾಲಿಗೆ ಮುಳ್ಳು ಚುಚ್ಚಿ ಅವನು ಹಟ್ಟಿಯ ಕಲ್ಲಿನ ಮೇಲೆ ಕೂತಿದ್ದ. ಕುರಿಗಳು ಹಿನ್ನೀರಿನ ಕೆಸರಿನತ್ತ ಸರಿಯುತ್ತಿದ್ದವು. "ಅಣ್ಣಾ, ನೀನ ಕರಿಯಪಾ" ಎಂದ. ಅಪ್ಪ ಒತ್ತಿದ. ಸ್ಪೀಕರಿನಿಂದ ಕೂಗು ಹೊರಟಿತು. ಒಂದು ಕುರಿಯೂ ತಲೆ ಎತ್ತಲಿಲ್ಲ. ಅಪ್ಪ ದನಿ ಹೆಚ್ಚಿಸಿ ಮತ್ತೆ ಒತ್ತಿದ. ಹಿಂಡಿನ ಮುಂದಾಳು, ಕಿವಿ ಸೀಳಿದ ಮುದಿ ಕುರಿ, ಅಪ್ಪನ ಕೈಯಲ್ಲೇ ಹುಟ್ಟಿದ್ದು, ಹುಲ್ಲು ಕಚ್ಚುತ್ತ ಕಚ್ಚುತ್ತ ಕೆಸರಿಗೆ ಇನ್ನೊಂದು ಹೆಜ್ಜೆ ಇಟ್ಟಿತು.

"ಇವಕ್ಕ ಕಿವಿ ಹ್ವಾದ್ವೇನ?" ಎಂದು ಚಿಕ್ಕಪ್ಪ ಕುಂಟುತ್ತ ಓಡಿದ.

ಅಪ್ಪ ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಇಳಿಸಿದ. ಅವನ ಎರಡೂ ಕೈ ಅದರ ಮೇಲಿದ್ದವು. ಹೆಣದ ಮುಖ ಮುಚ್ಚುವವರ ಕೈ ಹಾಗಿರುತ್ತದೆ. ನನಗೆ ತಡೆಯಲಿಲ್ಲ.

"ಅಪ್ಪಾ, ಅದು ನಿನ್ನ ದನಿ ಅಲ್ಲ" ಎಂದೆ.

ಅವನು ನನ್ನತ್ತ ಬೆರಳು ತೋರಿಸಿ ಹುಬ್ಬು ಹಾರಿಸಿದ. ನಿನಗೆ ಯಾವಾಗ ತಿಳಿಯಿತು ಎಂದು.

"ಮೊದಲನೇ ದಿನಾನ."

ಅವನು ಅದೇ ಬೆರಳನ್ನು ತನ್ನ ಎದೆಗೆ ಒತ್ತಿಕೊಂಡ. ನನಗೂ ಅವತ್ತೇ ಎಂದು. ನನ್ನ ಗಂಡ ಮಾಡಿಕೊಟ್ಟದ್ದು ಹಾಳಾಯಿತೆಂದು ನನಗೆ ಅನ್ನಿಸಬಾರದೆಂದು ಅವನು ಬಾಯಿ ಮುಚ್ಚಿಕೊಂಡಿದ್ದ. ಅವನ ದನಿ ಹೋಯಿತೆಂದು ಅವನಿಗೆ ಅನ್ನಿಸಬಾರದೆಂದು ನಾನು ಮುಚ್ಚಿಕೊಂಡಿದ್ದೆ. ನಮ್ಮಿಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮರುದಿನ ಜಮಖಂಡಿ ಬಸ್ ಹತ್ತಿದೆ.

"ಓಡಾಕತ್ತೈತಲ್ರೀ ಅಕ್ಕಾ, ಮತ್ತೇನಾತು?" ಎಂದ ದಶರಥ.

ನನ್ನ ಮೊಬೈಲಿನಲ್ಲಿ ಹಳೆಯ ಕಂಪ್ಯೂಟರಿನಲ್ಲಿ ಅಪ್ಪ ನನಗೆ ಹೇಳಿದ ಒಂದು ಮಾತು ಉಳಿದಿತ್ತು, "ಉಮಾಶ್ರೀ, ಬಸ್ ತಪ್ಪತೈತಿ, ಲಗೂ ಹೋಗ" ಎಂದು. ಅದನ್ನು ಕೇಳಿಸಿದೆ. ಅದೇ ಮಾತನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿ ಕೇಳಿಸಿದೆ. ದಶರಥ ಅಂಗಡಿಯ ಫ್ಯಾನ್ ನಿಲ್ಲಿಸಿ ಎರಡನ್ನೂ ಮತ್ತೆ ಕೇಳಿದ.

"ನೀ ಏನ ಮಾಡಿದ್ದಿ, ಖರೆ ಹೇಳು" ಎಂದೆ.

"ಕೆಚ್ಚಿದೆ" ಎಂದ.

ಬನಹಟ್ಟಿಯಲ್ಲಿ ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ನೂಲು, ಮುಗಿಯುತ್ತ ಬಂದಾಗ ಅದರ ಕೊನೆಯ ಎಳೆಗಳನ್ನು ಕಿತ್ತು ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಬರುತ್ತದೆ. ದಶರಥ ಹುಟ್ಟಿದ್ದೇ ಆ ಕೆಲಸದ ನಡುವೆ. ಪ್ರೋಗ್ರಾಮ್ ಹಳೆಯ ಲೈಬ್ರರಿಯ ಹೆಸರು ಕೇಳಿತು, ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಲೈಬ್ರರಿಯ ಹೊಸದು ಇತ್ತು. ಅವನು ಹಳೆಯ ಹೆಸರಿನ ತುದಿಗೆ ಹೊಸದನ್ನು ಕೆಚ್ಚಿಬಿಟ್ಟಿದ್ದ. ಕೇಳಿದ ಹೆಸರು ಸಿಕ್ಕಿದ್ದರಿಂದ ಪ್ರೋಗ್ರಾಮ್ ತಕರಾರಿಲ್ಲದೆ ಎದ್ದಿತು.

"ಎಳೀ ಲೆಕ್ಕಾ ಕೂಡಿದ್ರ ಅಷ್ಟ ಕೆಚ್ಚಬೇಕ್ರಿ" ಎಂದ ದಶರಥ, ನನಗಲ್ಲ, ಪರದೆಗೆ. "ಒಂದ ಎಳಿ ಆಚೀಚಿ ಆದ್ರೂ ಮಗ್ಗಾ ನಡೀತೈತಿ, ಸೀರಿನೂ ಬರತೈತಿ. ದಡಿ ಮಾತ್ರ ಕೆಡತೈತಿ. ಹಳೇ ಲೈಬ್ರರಿಗೆ ಮೊದಲ ವೇಗ ಹೇಳಬೇಕಾಗಿತ್ತು, ಆಮ್ಯಾಲ ಸ್ವರದ ಎತ್ತರ. ಹೊಸಾದು ಮೊದಲ ಎತ್ತರ ಕೇಳತೈತಿ. ಪ್ರೋಗ್ರಾಮು ತನ್ನ ಹಳೇ ರೂಢಿಯಂಗ ಹೇಳಾಕತ್ತೈತಿ, ಇದು ಉಲ್ಟಾ ತಿಳಕೊಳ್ಳಾಕತ್ತೈತಿ. ಲೆಕ್ಕಾ ನೋಡಲಾರದ ಕೆಚ್ಚಿದೆ. ನಮ್ಮವ್ವ ನೋಡಿದ್ರ ಕೈಮ್ಯಾಲ ಹೊಡೀತಿದ್ಲು."

"ಹಂಗಾರ ಹಳೇದನ್ನ ಹಾಕು."

ಇಂಟರ್ನೆಟ್ಟಿನಿಂದ ಅದೇ ಹೆಸರಿನ ಹಳೆಯದನ್ನು ತರಿಸಿ ನೋಡಿದ. ದನಿ ಇನ್ನೂ ಸರಿಯಾಗಲಿಲ್ಲ. ಕಾರಣ ತಿಳಿಯಲು ಮಧ್ಯಾಹ್ನವಾಯಿತು. ಪರಮೇಶ ಆ ಲೈಬ್ರರಿಯನ್ನು ಇದ್ದ ಹಾಗೆ ಬಳಸಿರಲಿಲ್ಲ. ಅಪ್ಪನ ಗಂಟಲಿಗೆ ಹೊಂದುವಂತೆ ಒಳಗೆ ತಿದ್ದಿಕೊಂಡಿದ್ದ. ಹೆಸರು ಅದೇ, ಒಳಗಿನದು ಬೇರೆ. ಅಂಥದ್ದು ಲೋಕದಲ್ಲಿ ಒಂದೇ ಒಂದು ಇತ್ತು, ನಮ್ಮ ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿ.

"ಆ ಡಬ್ಬಿ ಎಲ್ಲೈತಿ?" ಎಂದೆ.

ದಶರಥ ತಲೆ ತಗ್ಗಿಸಿದ. ಮುಧೋಳದ ಲಗಮಪ್ಪ ಟೆಂಪೋ ತಂದು ಅಂಗಡಿಯ ಹಳೆಯ ಸಾಮಾನೆಲ್ಲ ಗುಜರಿಗೆ ಒಯ್ದಿದ್ದ. ಅದರ ಜೊತೆ ನಮ್ಮದೂ ಹೋಗಿತ್ತು. ನನಗೆ ಕಿರುಚಬೇಕೆನ್ನಿಸಿತು. ಆದರೆ ಬಿಟ್ಟು ಬಂದವಳು ನಾನೇ.

"ಹೊಸಾ ಹಾಸು ಹಣಿಗಿ ದಾಟಿ ಅರಿವಿ ಆಗೂತನಕ ಹಳೇ ತುದಿ ಕತ್ತರಿಸಬಾರದು ಅಂತಾರ್ರಿ ನಮ್ಮ ಮನ್ಯಾಗ. ಇಲ್ಲಿ ನೆನಪ ಆಗಲಿಲ್ಲ" ಎಂದ ದಶರಥ. ಅಂಗಡಿಯ ಬಾಗಿಲು ಎಳೆದು, ನನ್ನ ಜೊತೆ ಮುಧೋಳದ ಬಸ್ ಹತ್ತಿದ.

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಕಿಟಕಿಯಿಂದ ನಾನು ಅವನ್ನು ನೋಡುವುದಿಲ್ಲ, ರೂಢಿಯಾಗಿದೆ. ಅವತ್ತು ಮಾತ್ರ ನೋಡಿದೆ. ಪರಮೇಶ ಹೋದಾಗ ಅವನ ಮುಖ ಹೋಯಿತು, ಮೈಯ ಬಿಸಿ ಹೋಯಿತು. ಅವನ ಕೆಲಸ ಮಾತ್ರ ದಿನವೂ ನಮ್ಮ ಪಡಸಾಲೆಯಲ್ಲಿ ಅಪ್ಪನ ದನಿಯಾಗಿ ಮಾತಾಡುತ್ತಿತ್ತು. ಅದೂ ಹೋದರೆ ಅಪ್ಪ ಕೈಸನ್ನೆಯ ಮುದುಕನಾಗಿ ಉಳಿಯುತ್ತಾನೆ. ಬೀರಪ್ಪಾ, ಇದೊಂದನ್ನು ಉಳಿಸಿಕೊಡು ಎಂದು ಬೇಡಿಕೊಂಡೆ.

ಲಗಮಪ್ಪನ ತಗಡಿನ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ಕೇಳಿ ಒಳಗೆ ಓಡಿದೆ. ಅವನು ಡಿಸ್ಕುಗಳನ್ನು ಒಡೆದು ಒಳಗಿನ ಅಲ್ಯೂಮಿನಿಯಂ ತೆಗೆಯುತ್ತಿದ್ದ. ನಮ್ಮ ಡಬ್ಬಿ ಗೋಡೆಗೆ ಒರಗಿತ್ತು, ಒಳಗೆ ಖಾಲಿ. ಅವನ ಮುಂದೆ ಒಡೆದವುಗಳ ಗುಂಪು, ಪಕ್ಕದಲ್ಲಿ ಒಡೆಯಬೇಕಾದವುಗಳ ಗುಂಪು. ನೋಡಲಿಕ್ಕೆ ಎಲ್ಲ ಒಂದೇ ಥರ.

"ಯಾವುದಂತ ಗುರುತ ಹಿಡೀತೀಯವ್ವಾ ತಂಗೀ?" ಎಂದ ಲಗಮಪ್ಪ.

ನಾನು ಮಂಡಿಯೂರಿ ಕೂತು ಒಂದೊಂದೇ ಎತ್ತಿ ನೋಡಿದೆ. ಒಡೆಯಬೇಕಾದವುಗಳ ತಳದಲ್ಲಿ ಕೈಗೆ ಒರಟಾಗಿ ಏನೋ ತಾಗಿತು. ಕರಿ ಉಣ್ಣೆಯ ಹುರಿ. ಅಪ್ಪನ ಗಂಟು ಯಾರಿಗೂ ಬಿಚ್ಚಲಿಕ್ಕೆ ಬರುವುದಿಲ್ಲ. ಲಗಮಪ್ಪನೂ ಬಿಚ್ಚಲಾರದೆ ಹುರಿಯ ಸಮೇತ ಕಿತ್ತು ಎಸೆದಿದ್ದ. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಶೆಡ್ಡಿನ ಧೂಳಿನಲ್ಲಿ ಕೂತು, ಎರಡು ವರ್ಷ ಅಳದಷ್ಟನ್ನೂ ಅತ್ತೆ. ಲಗಮಪ್ಪ ಸುತ್ತಿಗೆ ಕೆಳಗಿಟ್ಟು ನೀರು ತಂದುಕೊಟ್ಟ.

ಜಮಖಂಡಿಗೆ ಮರಳಿ ದಶರಥ ಆ ಡಿಸ್ಕನ್ನು ಜೋಡಿಸಿದ. ಅದು ಟಕ್ ಟಕ್ ಎಂದು ಸುಮ್ಮನಾಯಿತು. ಮತ್ತೆ ಜೋಡಿಸಿದ. ಈ ಸಲ ತೆರೆದುಕೊಂಡಿತು. ಮೊದಲು ಎಲ್ಲವನ್ನೂ ನಕಲು ಮಾಡಿಟ್ಟ. ಆಮೇಲೆ ಪ್ರೋಗ್ರಾಮಿಗೆ ಏನೇನು ಬೇಕೆಂದು ಅದನ್ನೇ ಕೇಳಿದ. ಪರದೆಯ ಮೇಲೆ ಬಂದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಇದು ಹೊಸದರಲ್ಲೂ ಸರಿ, ಇದು ಹಳೆಯದೇ ಬೇಕು ಎಂದು ಬೇರೆ ಮಾಡಿದ. ಪರಮೇಶ ತಿದ್ದಿದ ಲೈಬ್ರರಿ ತಾನೂ ಇನ್ನೊಂದು ಹಳೆಯದನ್ನು ಕೇಳಿತು. ಅದನ್ನೂ ಅದೇ ಡಿಸ್ಕಿನಿಂದ ತೆಗೆದ.

"ಇವನ್ನ ಲ್ಯಾಪ್‌ಟಾಪಿನ ಗಿರಣ್ಯಾಗ ಹಾಕಬಾರದ್ರಿ" ಎಂದ. "ಹಾಕಿದ್ರ ಉಳಿದ ಪ್ರೋಗ್ರಾಮೆಲ್ಲಾ ಕೆಡತಾವು. ಕಾಮಣ್ಣಾವರ ಪ್ರೋಗ್ರಾಮಿನ ಮನ್ಯಾಗನ ಇಡತೇನಿ, ಬೀಸೂಕಲ್ಲ ಇಟ್ಟಂಗ. ಮೊದಲ ಮನ್ಯಾಗಿಂದು ನೋಡು, ಇರಲಿಲ್ಲಂದ್ರ ಊರಿಗೆ ಹೋಗು ಅಂತ ಹೇಳತೇನಿ. ಹೊರಗ ಏನ ಬದಲಾದ್ರೂ ಅವರ ದನಿ ಬದಲಾಗೂದಿಲ್ಲ."

ಮುಗಿದ ಮೇಲೆ ಒತ್ತಿ ನೋಡೋಣವೇ ಎಂದು ಕೇಳಿದ. ಬೇಡ ಎಂದೆ. ನನ್ನ ಕಿವಿಯನ್ನು ನಾನು ನಂಬುವ ಹಾಗಿರಲಿಲ್ಲ. ಅದು ನನಗೆ ಬೇಕಾದ್ದನ್ನೇ ಕೇಳಿಬಿಡುತ್ತದೆ.

ಮರುದಿನ ಸಂಜೆ ಅಪ್ಪ ಬಾಗಿಲ ಹತ್ತಿರದ ಮೇಜಿನ ಮುಂದೆ ಕೂತ. ಸ್ಪೀಕರನ್ನು ಚಿಕ್ಕಪ್ಪ ಹಟ್ಟಿಯ ಕಲ್ಲಿನ ಮೇಲಿಟ್ಟ. ಅವ್ವ ಒಳಗಿನಿಂದ ಬೀರಪ್ಪನ ಭಂಡಾರದ ಅರಿಶಿನ ತಂದು ಅಪ್ಪನ ಹಣೆಗೆ ಹಚ್ಚಿದಳು, ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಇಟ್ಟಳು. ಕುರಿಗಳು ದಂಡೆಯಲ್ಲಿ ನಮಗೆ ಬೆನ್ನು ಹಾಕಿ ಮೇಯುತ್ತಿದ್ದವು. ಅಪ್ಪ ಬೆರಳು ಎತ್ತಿದವನು ಬಹಳ ಹೊತ್ತು ಇಳಿಸಲಿಲ್ಲ. ಅವನಿಗೆ ಹೆದರಿಕೆ. ಈ ಸಲವೂ ಅವು ತಿರುಗದಿದ್ದರೆ ಇನ್ನೆಂದೂ ಒತ್ತುವುದಿಲ್ಲವೆಂದು ನನಗೆ ಗೊತ್ತಿತ್ತು.

ಒತ್ತಿದ. ಕೂಗು ಹೊಳೆಯ ಮೇಲೆ ಹೋಯಿತು. ಕಿವಿ ಸೀಳಿದ ಮುದಿ ಕುರಿ ಬಾಯಲ್ಲಿ ಹುಲ್ಲಿದ್ದಂತೆಯೇ ತಲೆ ಎತ್ತಿತು. ತಿರುಗಿತು. ಮೊದಲು ನಡೆಯಿತು, ಆಮೇಲೆ ಓಡಿತು, ಅದರ ಹಿಂದೆ ಹಿಂಡೆಲ್ಲ ಧೂಳೆಬ್ಬಿಸಿತು. ಸ್ಪೀಕರನ್ನು ಅವು ಮೂಸಿಯೂ ನೋಡಲಿಲ್ಲ. ದಾಟಿಕೊಂಡು ನೇರ ಬಾಗಿಲಿಗೆ ಬಂದವು. ಮುದಿ ಕುರಿ ಹೊಸ್ತಿಲ ಮೇಲೆ ಕಾಲಿಟ್ಟು ಅಪ್ಪನ ಮಂಡಿಗೆ ತಲೆ ಒತ್ತಿ ನಿಂತಿತು. ಚಿಕ್ಕಪ್ಪ ಟವೆಲು ಬೀಸಿ ಕೂಗುತ್ತಿದ್ದ, ಅವ್ವ ಅಳುತ್ತಿದ್ದಳು.

ಅಪ್ಪ ಕುರಿಯ ಕಡೆ ನೋಡಲಿಲ್ಲ. ಬಗ್ಗಿ ಮೇಜಿನ ಕೆಳಗೆ ನೋಡಿದ. ಅಲ್ಲಿ ಈಗ ಹಿಡಿದುಕೊಳ್ಳಬೇಕಾದ ತಂತಿ ಇಲ್ಲ. ನೆಲ ಮಾತ್ರ ಇದೆ. ಬಹಳ ಹೊತ್ತು ನೋಡಿ, ಆಮೇಲೆ ಒಂದೇ ಬೆರಳಿನಿಂದ, ನನ್ನೆದುರೇ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಹಟ್ಟಿಯ ಕಲ್ಲಿನ ಮೇಲಿನಿಂದ ನಮ್ಮಪ್ಪನ ಹಳೆಯ ದೊಡ್ಡ ದನಿ ಊರಿಗೆಲ್ಲ ಕೇಳುವಂತೆ ಹೇಳಿತು:

"ಪರಮ್ಯಾ, ಬಂದ್ವು."